ಸರ್ವರ್ ಬಿದ್ದದ್ದಲ್ಲ ಸಮಸ್ಯೆ

2022ರ ನವೆಂಬರ್‌ನಲ್ಲಿ ಟೇಲರ್ ಸ್ವಿಫ್ಟ್‌ಳ ಎರಾಸ್ ಟೂರ್ ಟಿಕೆಟ್ ಮಾರಾಟಕ್ಕಿಟ್ಟ ದಿನ ಟಿಕೆಟ್‌ಮಾಸ್ಟರ್ ಸೈಟು ಮಕಾಡೆ ಮಲಗಿತ್ತಲ್ಲ, ನೆನಪಿದೆಯಾ? ಒಟ್ಟು 350 ಕೋಟಿ ರಿಕ್ವೆಸ್ಟ್ ಬಂದವು ಅಂತ ಕಂಪನಿಯೇ ಹೇಳಿಕೊಂಡಿತ್ತು. ನಮ್ಮ ಆಫೀಸಿನ ಟೀ ಬ್ರೇಕಿನಲ್ಲೂ ಅದೇ ಮಾತು. ಕ್ಯೂ ಹೀಗಿಡಬೇಕಿತ್ತು, ಬಾಟ್‌ಗಳನ್ನು ಬಾಗಿಲಲ್ಲೇ ತಡೀಬೇಕಿತ್ತು, ಲೋಡ್ ಟೆಸ್ಟ್ ಸರಿಯಾಗಿ ಮಾಡೇ ಇಲ್ಲ ಅಂತ ಹದಿನೈದು ನಿಮಿಷದಲ್ಲಿ ಅವರ ಇಡೀ ಸಿಸ್ಟಮ್ಮನ್ನೇ ಹೊಸದಾಗಿ ಕಟ್ಟಿ ಎದ್ದು ಬಂದೆವು. ನಮ್ಮ ಹಣೆಬರಹವೇ ಅದು, ಕಂಡದ್ದೆಲ್ಲ ಸ್ಕೇಲಿಂಗ್ ಸಮಸ್ಯೆ. :)

ಆಮೇಲೆ ಈ ಕೇಸಿನ ಬಗ್ಗೆ ಓದುತ್ತಾ ಹೋದಂತೆ, ಅವತ್ತು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ ಅನ್ನಿಸಿತು. ನಾವು ನೋಡಿಕೊಳ್ಳುವ ಸೈಟು ಅರ್ಧ ಗಂಟೆ ಬಿದ್ದರೆ ರಾತ್ರಿ ಎರಡಕ್ಕೆ ಫೋನ್ ಬರುತ್ತೆ. ಯಾಕೆ? ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ ಅನ್ನೋ ಭಯ. ಟಿಕೆಟ್‌ಮಾಸ್ಟರ್ ಮಾತ್ರ ಅಷ್ಟು ದೊಡ್ಡದಾಗಿ ಎಡವಿದ ದಿನವೇ 20 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿತು. ಜನ ಬೈದರು, ಅತ್ತರು, ಮತ್ತೆ ಅಲ್ಲೇ ಸರದಿಯಲ್ಲಿ ನಿಂತರು. ಯಾಕಂದ್ರೆ ಬಹುತೇಕ ಊರುಗಳಲ್ಲಿ ಪಕ್ಕದಂಗಡಿಯೇ ಇರಲಿಲ್ಲ.

ನನಗೆ ಆಶ್ಚರ್ಯವಾದದ್ದು ಇನ್ನೊಂದು ಸಂಗತಿ. ಆ ಪ್ರವಾಸವನ್ನು ಆಯೋಜಿಸಿದ್ದು ಟಿಕೆಟ್‌ಮಾಸ್ಟರ್‌ನ ಒಡೆಯ ಲೈವ್ ನೇಷನ್ ಅಲ್ಲ, ಅದರ ಎದುರಾಳಿ ಎಇಜಿ! ಎಇಜಿ ಬಳಿ ಸ್ವಂತ ಟಿಕೆಟ್ ವ್ಯವಸ್ಥೆಯೂ ಇದೆ. ಆದರೂ ಬಹುಪಾಲು ಸ್ಟೇಡಿಯಂಗಳು ಟಿಕೆಟ್‌ಮಾಸ್ಟರ್ ಜೊತೆ 'ನಿನ್ನ ಬಿಟ್ಟು ಬೇರೆಯವರ ಕೈಲಿ ಮಾರಿಸಲ್ಲ' ಅಂತ ಕರಾರು ಮಾಡಿಕೊಂಡಿದ್ದರಿಂದ ಅಲ್ಲೇ ಮಾರಬೇಕಾಯಿತಂತೆ. ಇಂಥ ಕರಾರುಗಳು ವರ್ಷಗಟ್ಟಲೆ ನಡೆಯುತ್ತವೆ. ಅದಕ್ಕೆ ಪ್ರತಿಯಾಗಿ ಸ್ಟೇಡಿಯಂಗೆ ಮುಂಗಡ ದುಡ್ಡು ಸಿಗುತ್ತದೆ, ಸರ್ವಿಸ್ ಫೀಯಲ್ಲೂ ಪಾಲು ಸಿಗುತ್ತದೆ. ಅಂದರೆ ಫೀ ಹೆಚ್ಚಿದಷ್ಟೂ ಇಬ್ಬರಿಗೂ ಲಾಭ, ಕೊಡುವವನು ಮೂರನೆಯವನು. 2018ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ನೋಡಿದಾಗ ಈ ಫೀ ಟಿಕೆಟ್ ಬೆಲೆಯ ಸರಾಸರಿ ಶೇ. 27ರಷ್ಟಿತ್ತು. 2023ರಲ್ಲಂತೂ ದಿ ಕ್ಯೂರ್ ತಂಡದ ರಾಬರ್ಟ್ ಸ್ಮಿತ್ ಅಭಿಮಾನಿಗಳಿಗಾಗಿ ಟಿಕೆಟ್ಟನ್ನು 20 ಡಾಲರ್‌ಗೆ ಇಳಿಸಿದರೆ, ಕೆಲವರಿಗೆ ಫೀಯೇ ಅದಕ್ಕಿಂತ ಜಾಸ್ತಿ ಬಂತು. ಅವರು ಜಗಳ ಕಾಯ್ದ ಮೇಲೆ 10, 5 ಡಾಲರ್ ವಾಪಸ್ ಕೊಟ್ಟರು. ಹಾಡುವವನೇ ಬೆಲೆ ಇಳಿಸಿದರೂ ಕೇಳುಗನಿಗೆ ಅಗ್ಗವಾಗಲ್ಲ ಅಂದ್ರೆ ಏನು ಮಾಡೋದು ಹೇಳಿ.

ಇದು ಹೊಸ ದೂರೂ ಅಲ್ಲ. ಪರ್ಲ್ ಜ್ಯಾಮ್ ತಂಡ 1994ರಲ್ಲೇ ಅಮೆರಿಕದ ನ್ಯಾಯ ಇಲಾಖೆಗೆ ದೂರು ಕೊಟ್ಟು, ಸಂಸತ್ತಿನ ಸಮಿತಿ ಮುಂದೆ ಸಾಕ್ಷಿ ಹೇಳಿತ್ತು. 1995ರಲ್ಲಿ ಇಲಾಖೆ ತನಿಖೆ ಮುಚ್ಚಿತು. 2010ರಲ್ಲಂತೂ ಕಾರ್ಯಕ್ರಮ ನಡೆಸುವ ಲೈವ್ ನೇಷನ್ನೂ ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ರೂ ಒಂದಾಗಲು ಒಪ್ಪಿಗೆಯನ್ನೇ ಕೊಟ್ಟರು. ಬೇರೆ ಟಿಕೆಟ್ ಕಂಪನಿಗೆ ಹೋದ ಸ್ಟೇಡಿಯಂಗಳ ಮೇಲೆ ಸೇಡು ತೀರಿಸಿಕೊಳ್ಳಬಾರದು ಅನ್ನೋ ಷರತ್ತಿನ ಮೇಲೆ. ಷರತ್ತು ಮತ್ತೆ ಮತ್ತೆ ಮುರಿದಿದ್ದಾರೆ ಅಂತ 2019ರಲ್ಲಿ ಇಲಾಖೆಯೇ ಹೇಳಿತು. ಆಮೇಲೆ ಮಾಡಿದ್ದೇನು? ಅದೇ ಷರತ್ತನ್ನು ಬಿಗಿ ಮಾಡಿ ಐದೂವರೆ ವರ್ಷ ಮುಂದುವರಿಸಿದರು! ಪ್ರೊಡಕ್ಷನ್‌ನಲ್ಲಿ ಬಗ್ ಸಿಕ್ಕರೆ ವಾರಂಟಿ ವಿಸ್ತರಿಸಿದ ಹಾಗಾಯ್ತು.

ಕಡೆಗೆ 2024ರ ಮೇ 23ರಂದು ಇಲಾಖೆ ಹಲವು ರಾಜ್ಯಗಳ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು, ಎರಡೂ ಕಂಪನಿಗಳನ್ನು ಬೇರೆ ಮಾಡಿ ಅಂತ. ದೊಡ್ಡ ಸಂಗೀತ ತಾಣಗಳ ಮೊದಲ ಮಾರಾಟದ ಟಿಕೆಟ್‌ಗಳಲ್ಲಿ ಶೇ. 80ರಷ್ಟು ಇವರ ಕೈಯಲ್ಲೇ ಇದೆ ಅನ್ನೋದು ಅದರಲ್ಲಿದ್ದ ಆರೋಪ. ನಮ್ಮ ಬಯಲು ರಂಗಮಂದಿರ ಬೇಕಿದ್ದರೆ ಕಾರ್ಯಕ್ರಮದ ಆಯೋಜನೆಯನ್ನೂ ನಮಗೇ ಕೊಡಿ ಅಂತ ಕಲಾವಿದರನ್ನು ಕಟ್ಟಿಹಾಕುತ್ತಾರೆ ಅನ್ನೋದು ಇನ್ನೊಂದು. ಇದನ್ನು ಕೈಬಿಡಿ ಅಂತ ಕಂಪನಿ ಕೇಳಿದಾಗ, 2025ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಅರುಣ್ ಸುಬ್ರಮಣಿಯನ್ ಒಪ್ಪಲಿಲ್ಲ. ಕಂಪನಿಯ ವಾದವನ್ನೂ ಹೇಳಿಬಿಡ್ತೀನಿ. ಬೆಲೆ ನಿಗದಿ ಮಾಡೋದು ಕಲಾವಿದರು, ಫೀಯ ಹೆಚ್ಚಿನ ಪಾಲು ಸ್ಟೇಡಿಯಂಗೆ ಹೋಗುತ್ತೆ, ಬೈಗುಳ ಮಾತ್ರ ನಮಗೆ ಅಂತ. ಅರ್ಧ ನಿಜ ಇದೆ ಅದರಲ್ಲಿ. ಎರಡು ಕಂಪನಿ ಬೇರೆಯಾದ ಮಾತ್ರಕ್ಕೆ ಸ್ವಿಫ್ಟ್ ಟಿಕೆಟ್ ಅಗ್ಗವಾಗುತ್ತೆ ಅಂತ ನಾನೂ ನಂಬಲ್ಲ. ಸೀಟು ಐವತ್ತು ಸಾವಿರ, ಬೇಕೆನ್ನುವವರು ಲಕ್ಷಾಂತರ ಇದ್ದರೆ ಯಾವ ನ್ಯಾಯಾಲಯವೂ ಏನೂ ಮಾಡಕ್ಕಾಗಲ್ಲ.

ಆದರೆ ಒಂದು ವಿಮಾನದ ಸೀಟನ್ನು ಹತ್ತು ಸೈಟುಗಳು ಮಾರುತ್ತವೆ. ಇಬ್ಬರಿಗೆ ಒಂದೇ ಸೀಟು ಹೋಗದಂತೆ ನೋಡಿಕೊಳ್ಳೋದು ನಮ್ಮಂಥವರು ಎಷ್ಟೋ ವರ್ಷದ ಹಿಂದೆಯೇ ಬಿಡಿಸಿದ ಲೆಕ್ಕ. ಸ್ಟೇಡಿಯಂನ ಸೀಟಿಗೆ ಅದು ಆಗಲ್ಲ ಅನ್ನೋಕೆ ತಾಂತ್ರಿಕ ಕಾರಣ ನನಗಂತೂ ಒಂದೂ ಹೊಳೀಲಿಲ್ಲ. ಬ್ರೂಕ್ಲಿನ್ನಿನ ಬಾರ್ಕ್ಲೇಸ್ ಸೆಂಟರ್ 2021ರಲ್ಲಿ ಸೀಟ್‌ಗೀಕ್ ಅನ್ನೋ ಬೇರೆ ಕಂಪನಿಗೆ ಹೋಗಿತ್ತು. ಎರಡೇ ವರ್ಷದಲ್ಲಿ, 2023ರಲ್ಲಿ, ಟಿಕೆಟ್‌ಮಾಸ್ಟರ್‌ಗೇ ವಾಪಸ್ ಬಂತು.