ಕೋಶ ಓದಿ ದೇಶ ಸುತ್ತಲಿ

“ದೇಶ ಸುತ್ತು, ಕೋಶ ಓದು” ಎಂಬುದು ಹಿರಿಯರು ಹೇಳಿಕೊಂಡು ಬಂದ ಮಾತು. ದೇಶ ಸುತ್ತುವ ವಿಷಯದಲ್ಲಿ ಕಾಸರಗೋಡಿನವರಾದ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಮುಂಬಯಿಯ ಹೋಟೆಲುಗಳಿಂದ ಹಿಡಿದು ಕೊಲ್ಲಿ ರಾಷ್ಟ್ರಗಳ ಅಂಗಡಿ, ಆಫೀಸುಗಳವರೆಗೆ ನಮ್ಮೂರಿನವರು ದುಡಿದಿದ್ದಾರೆ, ಮನೆ ಕಟ್ಟಿದ್ದಾರೆ, ತಂಗಿಯರ ಮದುವೆ ಮಾಡಿಸಿದ್ದಾರೆ. ಈಗ ಕೆಲವು ವರ್ಷಗಳಿಂದ ನಮ್ಮ ಮನೆಗಳಲ್ಲಿ ಕೇಳಿಬರುತ್ತಿರುವ ಹೊಸ ಹೆಸರು ಜರ್ಮನಿ.

ಕಳೆದ ಜೂನ್ ತಿಂಗಳಲ್ಲಿ, ಶಾಲೆ ತೆರೆದ ವಾರವೇ, ಪೋಷಕರೊಬ್ಬರು ಎಂಟನೆಯ ತರಗತಿಯ ಮಗಳ ಟಿ.ಸಿ. ಕೇಳಿಕೊಂಡು ಬಂದರು. “ಮಾಷ್ಟ್ರೇ, ಅವಳಿಗೆ ನರ್ಸಿಂಗ್ ಮಾಡಿಸಿ ಜರ್ಮನಿಗೆ ಕಳಿಸಬೇಕೂಂತ ಉಂಟು. ಕನ್ನಡ ಮೀಡಿಯಂನಲ್ಲಿ ಓದಿದರೆ ಅಲ್ಲಿಗೆ ಹೋಗ್ಲಿಕ್ಕೆ ಆಗುವುದಿಲ್ಲವಲ್ಲ?” ಎಂದರು. ಅವರ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಮಕ್ಕಳ ಮುಂದಿನ ದಾರಿ ಚೆನ್ನಾಗಿರಲಿ ಎಂದು ಹಂಬಲಿಸುವುದು ತಪ್ಪಲ್ಲ. ಆದರೆ ಅವರ ಭಯಕ್ಕೆ ಆಧಾರವಿದೆಯೇ ಎಂದು ನೋಡುವುದು ನಮ್ಮ ಕರ್ತವ್ಯವೆನಿಸಿತು. ಆ ವಿಚಾರವನ್ನೇ ಇಲ್ಲಿ ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದಿಡುತ್ತಿದ್ದೇವೆ.

ಜರ್ಮನಿಯಲ್ಲಿ ವಯಸ್ಸಾದವರ ಸಂಖ್ಯೆ ಹೆಚ್ಚುತ್ತಿದೆ, ದುಡಿಯುವ ಕೈಗಳು ಕಡಿಮೆಯಾಗುತ್ತಿವೆ. ಆಸ್ಪತ್ರೆ, ವೃದ್ಧರ ಆರೈಕೆ ಕೇಂದ್ರ, ಕಾರ್ಖಾನೆ, ವಿದ್ಯುತ್ ಕೆಲಸ, ಕಂಪ್ಯೂಟರ್ ಎಲ್ಲದಕ್ಕೂ ಅಲ್ಲಿ ಜನ ಬೇಕು. ಅದಕ್ಕಾಗಿಯೇ ಹೊರದೇಶಗಳ ಕುಶಲ ಕೆಲಸಗಾರರನ್ನು ಕುರಿತ ಕಾಯಿದೆಯೊಂದು 2020ರ ಮಾರ್ಚ್ 1ರಂದು ಜಾರಿಗೆ ಬಂತು. 2023ರಲ್ಲಿ ಅದನ್ನು ಇನ್ನಷ್ಟು ಸಡಿಲಿಸಿದರು. 2022ರ ಡಿಸೆಂಬರಿನಲ್ಲಿ ಭಾರತಕ್ಕೂ ಜರ್ಮನಿಗೂ ವಲಸೆಯ ಕುರಿತು ಒಪ್ಪಂದವಾಯಿತು. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರಿನಲ್ಲಿ ಆ ಸರಕಾರ ಪ್ರಕಟಿಸಿತು. ಬಾಗಿಲು ತೆರೆದಿದೆ ಎಂಬುದು ನಿಜ.

ಹಾಗಾದರೆ ಬಾಗಿಲಲ್ಲಿ ನಿಂತವರು ಕೇಳುವುದೇನು? ಮುಖ್ಯವಾಗಿ ಮೂರು: ಕಲಿತ ವಿದ್ಯೆ ತಮ್ಮ ದೇಶದ ವಿದ್ಯೆಗೆ ಸಮಾನವೆಂಬ ಮಾನ್ಯತೆ, ಕೈಯಲ್ಲಿ ಒಂದು ಕೆಲಸದ ಕರಾರುಪತ್ರ, ಆ ಕೆಲಸಕ್ಕೆ ಬೇಕಾದಷ್ಟು ಭಾಷೆ. ಹೈಸ್ಕೂಲಿನಲ್ಲಿ ಯಾವ ಮಾಧ್ಯಮದಲ್ಲಿ ಓದಿದೆ ಎಂಬ ಪ್ರಶ್ನೆ ಅದರಲ್ಲಿಲ್ಲ.

ನರ್ಸಿಂಗಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಪಡೆದ ಡಿಪ್ಲೊಮಾ ಅಥವಾ ಪದವಿಯನ್ನು ಅಲ್ಲಿನ ಅಧಿಕಾರಿಗಳು ತಮ್ಮ ಪಾಠಕ್ರಮದೊಂದಿಗೆ ಹೋಲಿಸಿ ನೋಡುತ್ತಾರೆ. ಕೊರತೆ ಕಂಡರೆ ಅಲ್ಲಿಯೇ ಕೆಲವು ತಿಂಗಳ ತರಬೇತಿ ಅಥವಾ ಒಂದು ಪರೀಕ್ಷೆ ಇರುತ್ತದೆ. ಅಷ್ಟರವರೆಗೆ ಸಹಾಯಕಿಯಾಗಿ ದುಡಿಯಬಹುದು. ಪೂರ್ಣ ನರ್ಸ್ ಆಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ರೋಗಿ ಎಲ್ಲಿ ನೋವು ಎಂದು ಹೇಳುವುದು ಜರ್ಮನ್ ಭಾಷೆಯಲ್ಲಿ. ಅದು ಅರ್ಥವಾಗದಿದ್ದರೆ ಇಂಗ್ಲಿಷ್ ಎಷ್ಟು ಬಂದರೇನು?

ಕಂಪ್ಯೂಟರ್, ಎಂಜಿನಿಯರಿಂಗ್ ಓದಿದವರಿಗೆ ಬ್ಲೂ ಕಾರ್ಡ್ ಎಂಬ ದಾರಿಯಿದೆ. ಅದಕ್ಕೆ ಮಾನ್ಯ ಪದವಿಯೂ ನಿಗದಿತ ಸಂಬಳವೂ ಇರಬೇಕು. 2025ರಲ್ಲಿ ಆ ಸಂಬಳದ ಸಾಮಾನ್ಯ ಮಿತಿ ವರ್ಷಕ್ಕೆ 48,300 ಯೂರೋ ಆಗಿತ್ತು; ಜನರ ಕೊರತೆಯಿರುವ ಕೆಲಸಗಳಿಗೆ ಅದಕ್ಕಿಂತ ಕಡಿಮೆ. ವರ್ಷವರ್ಷವೂ ಅದು ಬದಲಾಗುತ್ತದೆ. ಎರಡು ವರ್ಷದ ಐ.ಟಿ.ಐ. ಮುಗಿಸಿದ ಎಲೆಕ್ಟ್ರಿಷಿಯನ್, ಫಿಟ್ಟರ್‌ಗಳಿಗೂ ದಾರಿಯುಂಟು. ಪೂರ್ಣ ಮಾನ್ಯತೆ ಸಿಗದಿದ್ದರೆ, ಎ2 ಮಟ್ಟದ ಜರ್ಮನ್ ಮತ್ತು ಒಪ್ಪುವ ಮಾಲಿಕರಿದ್ದಲ್ಲಿ, ಕೆಲಸ ಮಾಡುತ್ತಲೇ ಮಾನ್ಯತೆ ಪಡೆಯುವ ವ್ಯವಸ್ಥೆ 2024ರ ಮಾರ್ಚಿನಿಂದ ಇದೆ. ಐ.ಟಿ.ಐ.ಗೆ ಸೇರಿದ ಹುಡುಗನನ್ನು ಕೀಳಾಗಿ ಕಾಣುವ ನಮ್ಮವರು ಇದನ್ನು ಗಮನಿಸಬೇಕು.

ಕೇರಳ ಮತ್ತು ಕರ್ನಾಟಕದವರ ಅರ್ಜಿಯನ್ನು ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ವೀಸಾದ ಶುಲ್ಕ 75 ಯೂರೋ. ಅಲ್ಲಿ ಇಳಿದ ಮೇಲೆ ವಿಳಾಸ ನೋಂದಾಯಿಸಿ, ಆರೋಗ್ಯ ವಿಮೆ ಮಾಡಿಸಿ, ಆ ಊರಿನ ವಿದೇಶೀಯರ ಕಚೇರಿಯಲ್ಲಿ ವಾಸ ಪರವಾನಗಿಗೆ ಅರ್ಜಿ ಹಾಕಬೇಕು. ಕೆಲಸ ಎಲ್ಲ ಕಾಗದಪತ್ರದ್ದು. ಗುಟ್ಟಿನದ್ದು ಏನೂ ಇಲ್ಲ.

ಆದರೂ ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಮೋಸ ಹೋದವರ ಕಥೆ ನಮ್ಮ ಕಿವಿಗೆ ಬೀಳುತ್ತಲೇ ಇದೆ. ಅಡಿಕೆ ತೋಟ ಅಡವಿಟ್ಟು, ತಾಯಿಯ ಕರಿಮಣಿಯನ್ನೂ ಬ್ಯಾಂಕಿಗೆ ಹಾಕಿ ಹಣ ಹೊಂದಿಸಿದ ಮೇಲೆ ಏಜೆಂಟನ ಫೋನು ಬಂದಾದರೆ ಮನೆಯವರು ಯಾರನ್ನು ಕೇಳಬೇಕು? 1983ರ ವಲಸೆ ಕಾಯಿದೆಯಂತೆ ನೋಂದಾಯಿತ ಏಜೆಂಟರಿಗೆ ಮಾತ್ರ ಜನರನ್ನು ಕಳಿಸುವ ಅಧಿಕಾರ. ಅವರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅಷ್ಟೇ. ನಮ್ಮ ರಾಜ್ಯದ ನೋರ್ಕಾ ರೂಟ್ಸ್ ಸಂಸ್ಥೆ 2021ರ ಡಿಸೆಂಬರಿನಲ್ಲಿ ಜರ್ಮನಿಯ ಸರಕಾರಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡು, ‘ಟ್ರಿಪಲ್ ವಿನ್’ ಎಂಬ ಯೋಜನೆಯಲ್ಲಿ ಆಯ್ಕೆಯಾದ ನರ್ಸ್‌ಗಳಿಗೆ ಭಾಷೆಯನ್ನೂ ಉಚಿತವಾಗಿ ಕಲಿಸಿ ಕಳಿಸುತ್ತಿದೆ. ಬಾವಿ ಮನೆಯಂಗಳದಲ್ಲೇ ಇರುವಾಗ ನೀರಿಗಾಗಿ ಪರವೂರಿಗೆ ಹೋಗುವುದೇಕೆ?

ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡ ತೊಡಕು ತರುವಂಥದು. ನಮ್ಮ ಮಕ್ಕಳ ಹೆಸರು ಜನನಪತ್ರದಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ, ಆಧಾರಿನಲ್ಲಿ ಮತ್ತೊಂದು ರೀತಿ. ಕನ್ನಡದ ಹೆಸರು ಮಲಯಾಳ ದಾಟಿ ಇಂಗ್ಲಿಷಿಗೆ ಹೋಗುವಾಗ ಒಂದಕ್ಷರ ಹೆಚ್ಚುತ್ತದೆ, ಒಂದಕ್ಷರ ಬೀಳುತ್ತದೆ. ಇನಿಶಿಯಲ್ ಎಲ್ಲಿಗೋ ಸರಿಯುತ್ತದೆ. ಎಸ್.ಎಸ್.ಎಲ್.ಸಿ. ಪುಸ್ತಕ ಅಚ್ಚಾಗುವ ಮೊದಲು ಶಾಲೆಯಲ್ಲಿ ವಿವರ ತೋರಿಸುವಾಗ ತಂದೆತಾಯಿಯರು “ಸರಿ ಉಂಟು” ಎಂದು ನೋಡದೆ ಸಹಿ ಹಾಕುವುದನ್ನು ನಾವು ಕಂಡಿದ್ದೇವೆ. ಹತ್ತು ವರ್ಷದ ಬಳಿಕ ಪಾಸ್‌ಪೋರ್ಟಿನ ಹೆಸರೂ ಸರ್ಟಿಫಿಕೇಟಿನ ಹೆಸರೂ ಬೇರೆಬೇರೆಯಾದರೆ ಇಬ್ಬರೂ ಒಬ್ಬರೇ ಎಂದು ಪರದೇಶದ ಅಧಿಕಾರಿಗೆ ತೋರಿಸಿಕೊಡಬೇಕಾದೀತು. ವಾಸ ಪರವಾನಗಿಯ ಮೊದಲ ಕಾಗದ ಸಿದ್ಧವಾಗುವುದು ಈ ಶಾಲೆಯ ಮೇಜಿನ ಮೇಲೆಯೇ ಎಂದರೆ ತಪ್ಪಾಗದು.

ಇಷ್ಟು ಹೇಳಿದ ಮೇಲೆ ನಮ್ಮ ಕುಂದನ್ನೂ ಮುಚ್ಚಿಡಬಾರದು. ನರ್ಸಿಂಗ್, ಎಂಜಿನಿಯರಿಂಗ್ ಪಾಠಗಳು ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಕಾಲೇಜಿನ ಮೊದಲ ವರ್ಷ ತಡವರಿಸುವುದುಂಟು. ಇದಕ್ಕೆ ಪರಿಹಾರ ಕನ್ನಡ ಶಾಲೆಯಲ್ಲೇ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು. ಅದು ಅಧ್ಯಾಪಕರಾದ ನಮ್ಮ ಹೊಣೆ. ಅದರಲ್ಲಿ ನಾವು ಸೋತರೆ ಪೋಷಕರು ನಮ್ಮನ್ನು ಪ್ರಶ್ನಿಸಲಿ. ಆದರೆ ಜರ್ಮನ್ ಭಾಷೆಯ ಮೊದಲ ಪಾಠದಲ್ಲಿ ಇಂಗ್ಲಿಷ್ ಮಾಧ್ಯಮದವನೂ ಕನ್ನಡ ಮಾಧ್ಯಮದವನೂ ಕೂರುವುದು ಎ1 ಎಂಬ ಒಂದೇ ಬೆಂಚಿನಲ್ಲಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಹೀಗೆ ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಾಗಲಾರದು.

ಎಲ್ಲರೂ ಹೋಗಲೇಬೇಕೆಂದೂ ನಾವು ಹೇಳುವುದಿಲ್ಲ. 1960ರ ದಶಕದಿಂದ ಕೇರಳದ ಎಷ್ಟೋ ಹೆಣ್ಣುಮಕ್ಕಳು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. 1970ರ ದಶಕದ ಕೊನೆಗೆ ಕೆಲವರ ಪರವಾನಗಿ ನವೀಕರಣವಾಗದೆ ಅವರು ಹಿಂದಿರುಗಬೇಕಾಯಿತು. ಬೇಕಾದಾಗ ಕರೆಯುವವರು ಬೇಡವಾದಾಗ ಕದ ಮುಚ್ಚಲೂ ಬಲ್ಲರು. ಆದ್ದರಿಂದ ಕಲಿಕೆ ಜರ್ಮನಿಗಾಗಿ ಮಾತ್ರ ಆಗದಿರಲಿ. ಮಂಗಳೂರಿನಲ್ಲೂ ಕಾಸರಗೋಡಿನಲ್ಲೂ ಅನ್ನ ಕೊಡುವಷ್ಟು ಗಟ್ಟಿಯಾದ ವಿದ್ಯೆಯೇ ಬರ್ಲಿನ್ನಿನಲ್ಲೂ ಅನ್ನ ಕೊಟ್ಟೀತು.

ಜರ್ಮನಿಯಲ್ಲಿ ಹುಟ್ಟಿದ ಕಿಟ್ಟೆಲರು 1853ರಲ್ಲಿ ನಮ್ಮ ನಾಡಿಗೆ ಬಂದು, ಕನ್ನಡವನ್ನು ಮೊದಲಿನಿಂದ ಕಲಿತು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಿಂದ ಹೊರತಂದರು. ನಮ್ಮ ಶಬ್ದಕೋಶ ಕಟ್ಟಲು ಅವರು ತಮ್ಮ ತಾಯಿನುಡಿಯನ್ನು ಬಿಡಬೇಕಾಗಿ ಬರಲಿಲ್ಲ. ಅವರ ನುಡಿ ಕಲಿಯಲು ನಮ್ಮ ಮಕ್ಕಳು ಕನ್ನಡವನ್ನು ಬಿಡಬೇಕಾದ ಅಗತ್ಯವೂ ಇಲ್ಲ.

ಟಿ.ಸಿ. ಕೇಳಲು ಬಂದ ಆ ಪೋಷಕರೊಡನೆ ನಾವು ಇದನ್ನೇ ಮಾತಾಡಿದೆವು. ಅವರು ಎರಡು ದಿನ ಯೋಚಿಸಿದರು. ಹುಡುಗಿ ಈಗಲೂ ನಮ್ಮ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳು ಮುಂದೆ ಎಲ್ಲಿಗೇ ಹೋಗಲಿ, ಅಲ್ಲಿಂದ ಮನೆಗೆ ಎರಡು ಸಾಲು ಕನ್ನಡದಲ್ಲಿ ಬರೆಯುವಂತಾಗಲಿ ಎಂಬುದು ನಮ್ಮ ಹಾರೈಕೆ.