ಹೋಂವರ್ಕು ಬೋರ್ಡಿನ ಮೇಲೇ ಇರಲಿ

ಬಜಗೋಳಿ ಪೇಟೆಯಲ್ಲಿ ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಸ್ಕಾಲರ್‌ಶಿಪ್ ಸೀಸನ್‌ನಲ್ಲಿ ಸಂಜೆಯಾದರೆ ಕಣ್ಣಿಗೆ ಮರಳು ಬಿದ್ದಂತೆ ಉರಿ; ಆಧಾರ್ ನಂಬರಿನ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಮಾಮೂಲಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆ ಪರದೆಯೆದುರು ಅರ್ಧಕ್ಕಿಳಿಯುತ್ತದೆ, ಕಣ್ಣೀರಿನ ಪದರ ಒಣಗುತ್ತದೆ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದಯವಿಟ್ಟು ದುಡ್ಡು ಸುರಿಯಬೇಡಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯಲ್ಲೂ ಅದರಿಂದ ಆಯಾಸ ತಗ್ಗುವ ಪುರಾವೆ ಸಿಕ್ಕಿಲ್ಲ. 20 ನಿಮಿಷಕ್ಕೊಮ್ಮೆ 20 ಅಡಿಯಾಚೆ 20 ಸೆಕೆಂಡ್ ನೋಡಿದರೆ ಸಾಕಷ್ಟು ಹಗುರ. ನಾನು ರಸ್ತೆಯಲ್ಲಿ ಬರುವ ಬಸ್ಸಿನ ಬೋರ್ಡು ಓದುತ್ತೇನೆ.

ದೊಡ್ಡವರ ಕಣ್ಣಿಗೇ ಹೀಗಾದರೆ ಮಕ್ಕಳ ಗತಿ? ಹೋಂವರ್ಕಿನ ಮಸುಕು ಫೋಟೊ ರಾತ್ರಿ ವಾಟ್ಸಾಪಿಗೆ ಬರುತ್ತದೆ. ಅಮ್ಮನ ಮೊಬೈಲು ಮೂಗಿಗೆ ತಾಗಿಸಿ, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಬರೆಯುತ್ತಾರೆ. ಶಾಲೆಯವರು ಅದನ್ನು ತರಗತಿಯಲ್ಲೇ ಬೋರ್ಡಿನ ಮೇಲೆ ಬರೆದುಕೊಡಲಿ.