ಕೆಡುವ ತಿಂಡಿ ಮನೆಯಲ್ಲಿ, ಕೆಡದ ತಿಂಡಿ ಅಂಗಡಿಯಲ್ಲಿ

ಟೋಕಿಯೊದ ಎಡೋಗಾವಾ ವಾರ್ಡಿನ ನಿಶಿಕಸಾಯಿಯಲ್ಲಿ ಭಾರತೀಯರು ನೆಲೆಯೂರಿದ್ದು ರೈಲು ಮತ್ತು ಬಾಡಿಗೆಯ ಲೆಕ್ಕಾಚಾರದಿಂದ. 2000ನೇ ಇಸವಿಯ ಕಂಪ್ಯೂಟರ್ ದಿನಾಂಕದ ತೊಡಕು ಬಿಡಿಸಲು ಬಂದ ಎಂಜಿನಿಯರುಗಳನ್ನು ತೊಜಾಯ್ ಮಾರ್ಗದ ರೈಲು ನೇರವಾಗಿ ಓತೆಮಾಚಿಯ ಕಚೇರಿಗಳಿಗೆ ಮುಟ್ಟಿಸುತ್ತಿತ್ತು. ಜಾಮೀನುದಾರರನ್ನು ಕೇಳದ, ಯುಆರ್ ಎಂಬ ಸಾರ್ವಜನಿಕ ಸಂಸ್ಥೆಯ ವಸತಿ ಸಮುಚ್ಚಯಗಳಲ್ಲಿ ಮನೆ ಸಿಕ್ಕಿತು. ಜನ ಹೆಚ್ಚಿದಂತೆ ಬೇಳೆ, ಇಂಗು, ಮುರುಕ್ಕಿನ ಪೊಟ್ಟಣ ಮಾರುವ ಅಂಗಡಿಗಳೂ ಬಂದವು. ಟೋಕಿಯೊದಲ್ಲಿ ಅತಿ ಹೆಚ್ಚು ಭಾರತೀಯರಿರುವ ವಾರ್ಡು ಇಂದು ಇದೇ. ಬೇಕಾದ್ದೆಲ್ಲ ಕೈಗೆಟಕುವ ಇಂಥ ಕಡೆ ತಮಿಳು ತಿಂಡಿಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆ ಎಂದು ತಮಿಳರೂ ಕೇಳಬಹುದು, ಆ ರುಚಿ ಹತ್ತಿದ ಕನ್ನಡಿಗರೂ ಕೇಳಬಹುದು. ಎಲ್ಲವನ್ನೂ ಮಾಡಬೇಕಿಲ್ಲ, ಬೇಗ ಕೆಡುವುದನ್ನು ಮಾತ್ರ ಮಾಡಿಕೊಂಡರೆ ಸಾಕು ಎಂಬುದು ನನ್ನ ವಾದ.

ತಮಿಳು ತಿಂಡಿಗಳಲ್ಲಿ ಎರಡು ಜಾತಿ. ಮುರುಕ್ಕು, ತಟ್ಟೈ, ಓಮಪುಡಿ ಡಬ್ಬಿ ಸೇರುವಂಥವು. ನಮ್ಮ ಚಕ್ಕುಲಿ, ನಿಪ್ಪಟ್ಟಿನ ನೆಂಟರು. ಸುಂಡಲ್, ಪಣಿಯಾರಂ ಆಗಿಂದಾಗ್ಗೆ ತಿಂದು ಮುಗಿಸುವಂಥವು. ನಮ್ಮ ಉಸಲಿ, ಪಡ್ಡುಗಳ ಕಡೆಯವು. ಮೊದಲ ಜಾತಿಯದಕ್ಕೆ ಹಿಟ್ಟಿನ ಹದ, ಒರಳು, ಬಾಣಲೆ ತುಂಬ ಎಣ್ಣೆ, ಹತ್ತಿರ ನಿಂತು ಕಾಯುವ ತಾಳ್ಮೆ ಎಲ್ಲವೂ ಬೇಕು. ತಿರುಚ್ಚಿ ಜಿಲ್ಲೆಯ ಮಣಪ್ಪಾರೆ ಮುರುಕ್ಕಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಂದರೆ ತಮಿಳುನಾಡಿನಲ್ಲೇ ಅದು ಪಳಗಿದ ಕೈಗಳ ಕಸುಬು, ಕೊಂಡು ತಿನ್ನುವ ತಿಂಡಿ. ಅದನ್ನು ಟೋಕಿಯೊದ ಎರಡು ಬರ್ನರಿನ ಒಲೆಯ ಮೇಲೆ ಸಾಧಿಸಬೇಕೆಂಬ ಹಟ ಯಾಕೆ? ಕರಿದುಳಿದ ಎಣ್ಣೆಯನ್ನು ಅಲ್ಲಿ ಸಿಂಕಿಗೆ ಸುರಿಯುವಂತಿಲ್ಲ. ಗಟ್ಟಿಯಾಗಿಸುವ ಪುಡಿ ಬೆರೆಸಿ, ಇಲ್ಲವೇ ಕಾಗದಕ್ಕೆ ಹೀರಿಸಿ, ಸುಡುವ ಕಸದ ಜೊತೆ ಹಾಕಬೇಕು. ಸುಂಡಲ್ಲಿನ ಕಥೆ ಬೇರೆ. ಚೆನ್ನೈನ ಮರೀನಾದಲ್ಲಿ ಸಂಜೆ ಮಾರುವ ಬಟಾಣಿ ಸುಂಡಲ್ ಆಗಲಿ, ನವರಾತ್ರಿಯ ಗೊಂಬೆಗಳ ಮುಂದೆ ದಿನಕ್ಕೊಂದು ಕಾಳಿನದು ಎಂಬಂತೆ ನೈವೇದ್ಯವಾಗುವ ಸುಂಡಲ್ ಆಗಲಿ, ಅಂದಿನದು ಅಂದಿಗೇ. ತೆಂಗಿನ ತುರಿ ಬಿದ್ದ ಕಾಳು ಮರುದಿನಕ್ಕೆ ಹಳಸುತ್ತದೆ. ಸಮುದ್ರ ದಾಟಿ ಬಂದು ಅಂಗಡಿಯ ಕಪಾಟಿನಲ್ಲಿ ಕೂರುವ ಯೋಗ ಅದಕ್ಕಿಲ್ಲ.

ಒಗ್ಗರಣೆಯ ಸಾಮಾನು ಬಿಟ್ಟರೆ ಇಂಥ ತಿಂಡಿಗೆ ಬೇಕಾದ್ದರಲ್ಲಿ ಬಹುಪಾಲು ಪಕ್ಕದ ಜಪಾನಿ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಬೇಯಿಸಿ ಹಿಮಗಟ್ಟಿಸಿದ ಎದಮಾಮೆ, ಅಂದರೆ ಎಳೆಯ ಸೋಯಾ ಕಾಳು, ನೆನೆಸುವುದನ್ನೂ ಕೇಳುವುದಿಲ್ಲ, ಕುಕ್ಕರನ್ನೂ ಕೇಳುವುದಿಲ್ಲ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆಗೆ ಸಿಪ್ಪೆ ಬಿಡಿಸಿದ ಕಾಳು ಹಾಕಿ ಬಾಡಿಸಿ, ಒಲೆ ಆರಿಸಿದ ಮೇಲೆ ಕಾಯಿತುರಿ ಉದುರಿಸಿದರೆ ಆಯಿತು. ಪಣಿಯಾರಕ್ಕೆ ಗುಳಿಹಂಚು ಹುಡುಕಬೇಕಿಲ್ಲ: ಆಕ್ಟೋಪಸ್ ತುಂಡಿಟ್ಟು ತಕೊಯಾಕಿ ಉಂಡೆ ಬೇಯಿಸುವ ಗುಳಿಗಳ ತಟ್ಟೆ ಜಪಾನಿನಲ್ಲಿ ಸುಲಭವಾಗಿ ಸಿಗುತ್ತದೆ, ವಿದ್ಯುತ್ತಿನದೂ ಇದೆ. ಹುಳಿ ಬಂದ ದೋಸೆ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನ ಜೊತೆ ಸಣ್ಣಗೆ ಹೆಚ್ಚಿದ ಕೊಮತ್ಸುನಾ ಸೊಪ್ಪು ಬೆರೆಸಿ, ಗುಳಿಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಹುಯ್ದು, ಅಂಚು ಬಿಟ್ಟಾಗ ಕಡ್ಡಿಯಿಂದ ಮಗುಚಿದರೆ ಮುಗಿಯಿತು. ಆ ಸೊಪ್ಪು ಎಡೋಗಾವಾದ್ದೇ. ಅಲ್ಲಿನ ಕೊಮತ್ಸುಗಾವಾ ಪ್ರದೇಶದ ಹೆಸರು ಹೊತ್ತ, ಎಡೊ ಕಾಲದಿಂದ ಬೆಳೆಯುತ್ತ ಬಂದ ಬೆಳೆ. ಕಹಿಯಿಲ್ಲ, ಬೇಗ ಬೇಯುತ್ತದೆ.

ಕರಿಬೇವಿಲ್ಲದ, ಸೋಯಾ ಕಾಳಿನ ಸುಂಡಲ್ ಸುಂಡಲ್ಲೇ ಅಲ್ಲ ಎನ್ನುವವರಿದ್ದಾರೆ. ರುಚಿ ಒಂದಿಷ್ಟು ಬೇರೆಯಾಗುವುದು ನಿಜ. ಆದರೆ ಇದೇ ತಿಂಡಿಗೆ ಕಡಲೆಯಾಗುತ್ತದೆ, ಬಟಾಣಿಯಾಗುತ್ತದೆ, ಅಲಸಂದೆ, ಹೆಸರುಕಾಳು, ಶೇಂಗಾ ಎಲ್ಲವೂ ಆಗುತ್ತದೆ. ಕಾಳು ಬದಲಾದರೂ ನಿಲ್ಲುವುದು ಒಗ್ಗರಣೆ ಮತ್ತು ಕಾಯಿ. ಅದರಲ್ಲಿ ಖಾರ ಕೊಡುವ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಏರಿ ಬಂದದ್ದೇ. ಅದನ್ನು ಒಳಗೆ ಬಿಟ್ಟುಕೊಂಡ ಅಡುಗೆ ಎದಮಾಮೆಯನ್ನು ಬಾಗಿಲಲ್ಲಿ ತಡೆಯಬೇಕಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮನೆತಿಂಡಿಯ ಗುಣಗಾನ ಮಾಡಿದಾಗಲೆಲ್ಲ ಕೆಲಸ ಹೆಂಗಸರ ಹೆಗಲಿಗೇ ಬೀಳುತ್ತದೆ. ಪರದೇಶದಲ್ಲಿ ಕೈಜೋಡಿಸಲು ಅತ್ತೆ ನಾದಿನಿಯರೂ ಇರುವುದಿಲ್ಲ. ಇದು ಸುಳ್ಳಲ್ಲ, ಮುರುಕ್ಕನ್ನು ಅಂಗಡಿಗೆ ಬಿಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಹಿಟ್ಟಿನ ಹದ ತಪ್ಪಿದರೆ ಕೆಡುವ ತಿಂಡಿ ಬಲ್ಲವರೊಬ್ಬರನ್ನೇ ಒಲೆಯ ಮುಂದೆ ನಿಲ್ಲಿಸುತ್ತದೆ. ಸುಂಡಲ್ಲಿನಲ್ಲಿ ಅಂಥ ಗುಟ್ಟೇನೂ ಇಲ್ಲ. ಕಾಳು ಬಿಡಿಸುವುದು ಮಕ್ಕಳಿಗೆ ಬರುತ್ತದೆ, ಒಗ್ಗರಣೆ ಹಾಕುವುದನ್ನು ಗಂಡಸು ಒಂದೇ ಸಂಜೆಯಲ್ಲಿ ಕಲಿಯಬಹುದು. ಕಲಿಯಲು ಒಲ್ಲದ ಮನೆಯವರು ಪೊಟ್ಟಣವನ್ನೇ ಒಡೆದು ತಿನ್ನಲಿ. ಒಬ್ಬರನ್ನು ದಣಿಸಿ ಉಳಿದವರು ಬಾಯಿ ಚಪ್ಪರಿಸುವುದಕ್ಕಿಂತ ಅದೇ ಮೇಲು. ಕಲಿಯಲು ಒಪ್ಪಿದವರು ಭಾರತೀಯ ಅಂಗಡಿಯಿಂದ ತಿಂಗಳಿಗೊಮ್ಮೆ ಉದ್ದಿನಬೇಳೆ, ಸಾಸಿವೆ, ಇಂಗು, ಒಣಮೆಣಸಿನಕಾಯಿ ತಂದಿಟ್ಟುಕೊಳ್ಳಲಿ, ಮುರುಕ್ಕನ್ನೂ ಅಲ್ಲೇ ಕೊಳ್ಳಲಿ. ಸಂಜೆಯ ಬಿಸಿ ತಿಂಡಿಗೆ ಮಾತ್ರ ಒಲೆ ಹಚ್ಚಲಿ.